ಹತ್ತೊಂಬತ್ತನೇ ಲೋಟ

ಜನಾಂಗ ಭೇದದ ಪಾಠ ಮಾಡಿದ ದಿನ, ತಾನು ಒಳ್ಳೆಯ ಮೇಷ್ಟ್ರು ಎಂದು ಗುರುಸ್ವಾಮಿಗೆ ಅರ್ಧ ಗಂಟೆ ಅನ್ನಿಸಿತ್ತು. ಅವನ ಮಟ್ಟಿಗೆ ಅದು ದೊಡ್ಡ ಅವಧಿ. ಜಗಳೂರು ಕಡೆಯ ಹಳ್ಳಿಯವನು. ಹಗಲು ಝೆರಾಕ್ಸ್ ಅಂಗಡಿಯಲ್ಲಿ ಬೇರೆಯವರ ನೋಟ್ಸ್ ಪ್ರತಿ ತೆಗೆಯುತ್ತ, ಸಂಜೆ ಕಾಲೇಜಿನಲ್ಲಿ ತನ್ನ ನೋಟ್ಸ್ ಬರೆದುಕೊಳ್ಳುತ್ತ ಸಮಾಜಶಾಸ್ತ್ರ ಓದಿದವನು. ನ್ಯಾಮತಿಯ ಖಾಸಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ನಾಲ್ಕು ವರ್ಷ ಕಳೆದಿದ್ದರೂ ‘ಅತಿಥಿ’ ಅನ್ನುವುದನ್ನು ಅವನು ಒಂದು ದಿನವೂ ಮರೆತಿರಲಿಲ್ಲ. ಸ್ಟಾಫ್ ರೂಮಿನ ಕುರ್ಚಿಯಲ್ಲಿ ಅರ್ಧವೇ ಕೂರುತ್ತಿದ್ದ.

ಆ ದಿನ ಕ್ಲಾಸಿಗೆ ಒಂದು ಫೋಟೊ ತೋರಿಸಿದ್ದ. ಅಮೆರಿಕದ್ದು, ಹಳೆಯ ಕಾಲದ್ದು. ಒಂದೇ ಗೋಡೆಗೆ ಕುಡಿಯುವ ನೀರಿನ ಎರಡು ನಲ್ಲಿ. ಒಂದು ಬಿಳಿಯರಿಗೆ, ಒಂದು ಕರಿಯರಿಗೆ ಎಂದು ಮೇಲೆ ಬೋರ್ಡು. ಇಡೀ ಕ್ಲಾಸು ಕುದ್ದುಹೋಯಿತು.

“ಇವ್ರು ಮನುಷ್ಯರೇನ್ರಿ ಸರ್?” ಎಂದು ಸುನೀತಾ ಎದ್ದು ನಿಂತೇಬಿಟ್ಟಳು. ಹನ್ನೆರಡು ಎಕರೆ ಅಡಿಕೆ ತೋಟದ ಮನೆಯ ಚೈತ್ರಾಳ ಕಣ್ಣಲ್ಲಿ ನೀರೇ ಬಂತು. “ಸದ್ಯ, ನಮ್ಮಲ್ಲಿ ಹಿಂಗೆಲ್ಲ ಇಲ್ಲ” ಎಂದು ಅವಳು ಮೂಗು ಒರೆಸಿಕೊಂಡಳು.

ಕೊನೆಯ ಬೆಂಚಿನ ಅರ್ಪಿತಾ ಮಾತ್ರ ಫೋಟೊವನ್ನು ಬಹಳ ಹೊತ್ತು ನೋಡಿ, “ಬೋರ್ಡಾದ್ರೂ ಹಾಕ್ಯಾರಲ್ಲ ಸರ್. ಎಲ್ಲಿ ಕುಡೀಬೇಕು ಅಂತ ಕೇಳೋ ತ್ರಾಸಿಲ್ಲ” ಎಂದಳು. ಅದು ತಮಾಷೆಯೋ ಅಲ್ಲವೋ ತಿಳಿಯದೆ ಎಲ್ಲರೂ ಅನುಮಾನದಿಂದ ಒಂದಿಷ್ಟು ನಕ್ಕರು.

ಮುಂದಿನ ವಾರ ಕ್ಷೇತ್ರಕಾರ್ಯ. ನ್ಯಾಮತಿಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ಹಳ್ಳಿಯೊಂದಕ್ಕೆ ಹೋಗಿ ಅಲ್ಲಿನ ಸಾಮಾಜಿಕ ರಚನೆಯನ್ನು ಅಧ್ಯಯನ ಮಾಡಿ, ಪ್ರತಿಯೊಬ್ಬರೂ ಒಂದೊಂದು ವರದಿ ಬರೆಯಬೇಕು, ಇಪ್ಪತ್ತೈದು ಅಂಕ. ಪ್ರಾಂಶುಪಾಲ ಸತೀಶ್ ಕುಮಾರ್ ಗುರುಸ್ವಾಮಿಯನ್ನು ಕರೆದು ಹೇಳಿದರು: “ಕಾಲೋನಿಗೂ ಹೋಗ್ರಿ. ಹುಡುಗ್ರನ್ನ ಅಲ್ಲಿ ಕೂರಿಸಿ ಒಂದು ಫೋಟೊ ತೆಗೀರಿ. ವಾರ್ಷಿಕ ವರದಿ ಮುಖಪುಟಕ್ಕೆ ಸಾಮರಸ್ಯದ್ದು ಬೇಕಾಗೈತೆ. ಮುಂದಿನ ವರ್ಷ ನಿಮ್ಮನ್ನ ಮುಂದುವರಿಸೋದು, ಬಿಡೋದು, ಮಂಡಳಿಯೋರು ಇದನ್ನೆಲ್ಲ ನೋಡೇ ತೀರ್ಮಾನ ಮಾಡ್ತಾರೆ.”

ಆ ಹಳ್ಳಿಯ ಕಾಲೋನಿಯಲ್ಲೇ ಅರ್ಪಿತಾಳ ಮನೆ. ಹೀಗಾಗಿ ಅವಳು ತನ್ನ ಮನೆಯನ್ನು ಅಧ್ಯಯನ ಮಾಡಲು ಕಾಲೇಜಿನಿಂದ ಬಸ್ಸು ಹತ್ತಿಕೊಂಡು ತನ್ನ ಮನೆಗೇ ಬಂದಳು.

ಅವಳ ಅಜ್ಜಿ ಗಿಡ್ಡಮ್ಮ ಬೆಳಗಿನಿಂದ ಓಡಾಡಿದ್ದಳು. ಮನೆಯಲ್ಲಿ ಇದ್ದದ್ದು ಏಳು ಲೋಟ. ಉಳಿದದ್ದನ್ನು ಅಕ್ಕಪಕ್ಕದ ಮನೆಗಳಿಂದ ತಂದು, ಹುಣಸೆಹಣ್ಣು ಹಾಕಿ ಬೆಳಗಿ, ಮೊಮ್ಮಗಳನ್ನು ಬಿಟ್ಟು ಹದಿನೆಂಟು ಹುಡುಗರಿಗೂ ಒಬ್ಬ ಮೇಷ್ಟ್ರಿಗೂ ಸರಿಯಾಗಿ ಹತ್ತೊಂಬತ್ತು ಹೊಂದಿಸಿದ್ದಳು. ಅಂಬೇಡ್ಕರ್ ಮತ್ತು ಬುದ್ಧನ ಪಟಗಳಿದ್ದ ಗೋಡೆಯ ಕೆಳಗೆ ಹುಡುಗರೆಲ್ಲ ಸಾಲಾಗಿ ಕುಳಿತರು. ಪ್ರತಿಯೊಬ್ಬರ ಪಕ್ಕದಲ್ಲೂ ಮನೆಯಿಂದ ತಂದ ನೀರಿನ ಬಾಟಲಿ. ಗುರುಸ್ವಾಮಿಯೂ ಒಂದು ತಂದಿದ್ದ. ಬಿಸಿಲು ಜಾಸ್ತಿ, ಅದಕ್ಕೇ ತಂದೆ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡ.

ಟೀ ಬಂತು. ಏಲಕ್ಕಿ ಹಾಕಿದ, ಗಟ್ಟಿ ಹಾಲಿನ ಟೀ.

“ನಂಗೆ ಇವತ್ತು ಉಪವಾಸ ಅಜ್ಜಿ” ಎಂದ ಒಬ್ಬ.

“ಯಾವ ದೇವರ್ದಪ್ಪ, ಬುಧವಾರ?”

“ಎಲ್ಲಾ ದೇವರ್ದು.”

ಸುನೀತಾಳಿಗೆ ಮನೆದೇವರ ಹರಕೆಯಿತ್ತು. ಚೈತ್ರಾ ಗ್ರೀನ್ ಟೀ ಬಿಟ್ಟು ಬೇರೆ ಕುಡಿಯುತ್ತಿರಲಿಲ್ಲ. ಅವಳ ಪಕ್ಕದವನಿಗೆ ಹಾಲು ಆಗಿಬರುತ್ತಿರಲಿಲ್ಲ. ಡಾಕ್ಟರು ಬೇಡ ಅಂದಿದ್ದರಂತೆ. ಗಿಡ್ಡಮ್ಮ ಪ್ರತಿಯೊಂದಕ್ಕೂ “ಹೌದೇನು, ಪಾಪ” ಎನ್ನುತ್ತ ಲೋಟವನ್ನು ಅವರವರ ಮುಂದೆಯೇ ಇಟ್ಟು ಮುಂದಕ್ಕೆ ಹೋದಳು. ಕುಡಿದವರು ನಾಲ್ಕೈದು ಮಂದಿ. ಕುರುಬರ ಹುಡುಗ ಜುಂಜಪ್ಪನಂತೂ ಸೊರ್ ಎಂದು ಸದ್ದು ಮಾಡಿಕೊಂಡು ಕುಡಿದು ಲೋಟ ಕೆಳಗಿಟ್ಟ.

ಗುರುಸ್ವಾಮಿಯ ಸರದಿ ಬಂತು. ಅವನಿಗೆ ತಾಯಿ ದೊಡ್ಡಕ್ಕ ನೆನಪಾದಳು. ಚಿಕ್ಕಂದಿನಲ್ಲಿ ಅವಳು ಗೌಡರ ಅಂಗಳದಲ್ಲಿ ಬಗ್ಗಿ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿಯುವುದನ್ನು ನೋಡಿದ್ದ. ಮನೆಗೆ ಬಂದು ಅವಳು ಗೌಡರನ್ನು ಬಾಯ್ತುಂಬ ಬೈದು, ಆಮೇಲೆ ಕಾಲೋನಿಯ ಕಡೆಯವರು ನೀರು ಕೇಳಿ ಬಂದಾಗ ತಾನೂ ಮೇಲಿನಿಂದಲೇ ಹೊಯ್ಯುತ್ತಿದ್ದಳು. ಶ್ರೇಣೀಕೃತ ಅಸಮಾನತೆ ಎಂದು ಇದನ್ನು ಅವನು ಬೋರ್ಡಿನ ಮೇಲೆ ಏಣಿ ಬರೆದು, ಮೆಟ್ಟಿಲುಗಳಿಗೆ ಬಣ್ಣ ಹಚ್ಚಿ ಕಲಿಸಿದ್ದ. ಕುಡಿಯಬೇಕು ಎಂದು ತಲೆ ಹೇಳಿತು. ಗಂಟಲು ಒಪ್ಪಲಿಲ್ಲ.

“ನನಗೆ ಗ್ಯಾಸ್ಟ್ರಿಕ್ ಅಮ್ಮ” ಎಂದ.

ಅರ್ಪಿತಾ ಫೋಟೊ ತೆಗೆಯುವಾಗ ಮಾತ್ರ ಎಲ್ಲರೂ ಲೋಟ ಎತ್ತಿ ಹಿಡಿದು ನಕ್ಕರು. ಕ್ಲಿಕ್ ಆದ ಮೇಲೆ ಇಳಿಸಿದರು. ಆಮೇಲೆ ಚೈತ್ರಾ ಪ್ರಶ್ನಾವಳಿ ತೆಗೆದು ಹನ್ನೊಂದನೇ ಪ್ರಶ್ನೆ ಓದಿದಳು: “ನಿಮ್ಮ ಮನೆಯಲ್ಲಿ ನೀರು, ಟೀ ಕುಡಿಯಲು ಬೇರೆಯವರು ಹಿಂಜರಿಯುತ್ತಾರೆಯೇ? ಹೌದು ಅಥವಾ ಇಲ್ಲ.”

ಗಿಡ್ಡಮ್ಮ ಕೆನೆ ಕಟ್ಟುತ್ತಿದ್ದ ಲೋಟಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. “ನೀನೇ ನೋಡಿ ಬರ್ಕೊಳವ್ವ. ಓದಿದೋಳು.”

ಚೈತ್ರಾ ಸುತ್ತ ನೋಡಿ ‘ಇಲ್ಲ’ ಎಂದು ಗುರುತು ಹಾಕಿದಳು.

ವರದಿಗಳು ಶುಕ್ರವಾರ ಬಂದವು. ಹದಿನೆಂಟು ವರದಿಗಳ ಕೊನೆಯಲ್ಲಿ ಒಂದೇ ವಾಕ್ಯವಿತ್ತು: ಈ ಗ್ರಾಮದಲ್ಲಿ ಅಸ್ಪೃಶ್ಯತೆ ಕಂಡುಬಂದಿಲ್ಲ. ಹತ್ತೊಂಬತ್ತನೆಯದು ಅರ್ಪಿತಾಳದು. ವಿಷಯ: ಆತಿಥ್ಯ. ಗುರುಸ್ವಾಮಿ ಪುಟ ತಿರುಗಿಸುತ್ತ ಹೋದ ಹಾಗೆ ಬೆನ್ನು ನೆಟ್ಟಗಾಯಿತು. ಗೊತ್ತಿಲ್ಲದೆಯೇ ಕುರ್ಚಿಯಲ್ಲಿ ಪೂರ್ತಿ ಕೂತುಬಿಟ್ಟ. ಕೊಟ್ಟ ಲೋಟ ಹತ್ತೊಂಬತ್ತು. ಕುಡಿದದ್ದು ಐದು. ತುಂಬಿದಂತೆಯೇ ಉಳಿದದ್ದು ಹದಿನಾಲ್ಕು. ಕುಡಿದವರ ಕಾರಣಗಳನ್ನೂ ಕೇಳಿ ಬರೆದಿದ್ದಳು. ಜುಂಜಪ್ಪನ ಮುಂದೆ ‘ಟೀ ಚೆನ್ನಾಗಿತ್ತು’ ಎಂದಿತ್ತು. ಕುಡಿಯದವರ ನೆಪಗಳನ್ನು ಅವರ ಮನೆಯ ಜಮೀನಿನ ಪ್ರಕಾರ ವಿಂಗಡಿಸಿ, ಕೆಳಗೆ ದುಂಡಗೆ ಬರೆದಿದ್ದಳು: ‘ಐದು ಎಕರೆಗಿಂತ ಹೆಚ್ಚು ತೋಟ ಇರುವವರ ನೆಪಗಳು ಆರೋಗ್ಯಕ್ಕೆ ಸಂಬಂಧಿಸಿವೆ. ಅದಕ್ಕಿಂತ ಕಡಿಮೆ ಇರುವವರ ನೆಪಗಳು ದೇವರಿಗೆ ಸಂಬಂಧಿಸಿವೆ. ವರ್ಗ ಬೇರೆಯಾದರೂ ಲೋಟ ಒಂದೇ ಕಡೆ ಉಳಿದಿದೆ.’

ನಾಲ್ಕು ವರ್ಷದಲ್ಲಿ ಅವನ ಕೈಗೆ ಬಂದ ಮೊದಲ ನಿಜವಾದ ಸಂಶೋಧನೆ ಇದು. ಖುಷಿಗೆ ಎದ್ದು ನಿಲ್ಲಬೇಕು ಅನ್ನಿಸಿತು. ಆಗ ಕೋಷ್ಟಕದ ಕೊನೆಯ ಸಾಲು ಕಂಡಿತು.

‘19. ಗುರುಸ್ವಾಮಿ, ಮಾರ್ಗದರ್ಶಕರು. ಜಮೀನು: ತಿಳಿದಿಲ್ಲ. ಕಾರಣ: ಗ್ಯಾಸ್ಟ್ರಿಕ್.’ ಅದರ ಪಕ್ಕ ಒಂದು ಚುಕ್ಕಿ. ಚುಕ್ಕಿಗೆ ಪುಟದ ಕೆಳಗೆ ಟಿಪ್ಪಣಿ: ‘ಮೂವತ್ತು ನಿಮಿಷದ ನಂತರ ಇವರು ಬಸ್ ನಿಲ್ದಾಣದ ಅಂಗಡಿಯಲ್ಲಿ ಒಂದು ಪ್ಲೇಟು ಮಂಡಕ್ಕಿ, ಮೂರು ಮಿರ್ಚಿ ತಿಂದಿರುತ್ತಾರೆ.’

ಅದರ ಕೆಳಗೆ ಮಾರ್ಗದರ್ಶಕರ ಸಹಿಗೆ ಜಾಗ ಬಿಟ್ಟಿತ್ತು. ಸೋಮವಾರ ಕೊನೆಯ ದಿನ. ಸಹಿ ಇಲ್ಲದ ವರದಿಗೆ ಅಂಕವಿಲ್ಲ. ಸಹಿ ಹಾಕಿದರೆ ಅದು ಪ್ರಾಂಶುಪಾಲರ ಮೇಜಿಗೂ, ಅಲ್ಲಿಂದ ಮಂಡಳಿಗೂ ಹೋಗುತ್ತದೆ.

ಅರ್ಪಿತಾಳನ್ನು ಕರೆದ. ಹೇಗೆ ಶುರುಮಾಡುವುದು ತಿಳಿಯದೆ ಮೂರು ಸಲ ಕೆಮ್ಮಿದ.

“ವರದಿ ಬಹಳ ಚೆನ್ನಾಗೈತಮ್ಮ. ಒಂದೇ ಒಂದು... ಕೊನೆ ಸಾಲು. ಮಾರ್ಗದರ್ಶಕರನ್ನ ಅಧ್ಯಯನದೊಳಗೆ ಸೇರಿಸೋ ಪದ್ಧತಿ ಇಲ್ಲ. ವಿಧಾನಶಾಸ್ತ್ರದ ಪ್ರಕಾರ.”

“ತೆಗೀತೀನಿ ಸರ್” ಎಂದಳು ಅವಳು, ಬಹಳ ವಿಧೇಯಳಾಗಿ. “ಆದ್ರೆ ಒಟ್ಟು ತಾಳೆ ಆಗಂಗಿಲ್ಲ. ಹದಿನೆಂಟೇ ಆಗ್ತೈತೆ. ನಮ್ಮಜ್ಜಿ ತೊಳೆದಿದ್ದು ಹತ್ತೊಂಬತ್ತು.”

ಗುರುಸ್ವಾಮಿ ಕೋಷ್ಟಕವನ್ನು ಮತ್ತೊಮ್ಮೆ ಕೂಡಿ ನೋಡಿದ. ತಾಳೆಯಾಗದ ಒಟ್ಟು ಅವನಿಗೆ ಹುಟ್ಟಿನಿಂದಲೇ ಆಗದು.

“ದತ್ತಾಂಶ ತಿದ್ದಬಾರದು ಅಂತ ನೀವೇ ಹೇಳಿದ್ರಿ, ಜುಲೈ ತಿಂಗಳಾಗೆ. ನೋಟ್ಸಿನಾಗೆ ಐತೆ. ತಿದ್ದಬೋದು ಅಂದ್ರೆ ಅದನ್ನೂ ಬರ್ಕೊಂತೀನಿ ಸರ್.”

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಹಾಕದಿದ್ದರೆ ಹುಡುಗಿಯ ಇಪ್ಪತ್ತೈದು ಅಂಕ ಹೋಗುತ್ತದೆ, ಅದೂ ತಾನು ಕಲಿಸಿದ್ದನ್ನು ಕಲಿತದ್ದಕ್ಕೆ. ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗ ಒಂದು ದಾರಿ ಹೊಳೆಯಿತು: ಈಗ ಹೋಗಿ ಕುಡಿದುಬಿಟ್ಟರೆ? ಮರು ಅಧ್ಯಯನ ಅಂತ ಒಂದಿದೆಯಲ್ಲ! ಸಾಲು ತೆಗೆಯಬೇಕಿಲ್ಲ, ಪಕ್ಕದಲ್ಲಿ ‘ನಂತರ ಕುಡಿದರು’ ಎಂದು ಸೇರಿಸಿದರೆ ಸಾಕು. ಬಾಯಿ ಮುಕ್ಕಳಿಸಿ ಸೀದಾ ಬಸ್ಸು ಹತ್ತಿದ. ಬಾಟಲಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದ.

“ಬರ್ರಿ ಮೇಷ್ಟ್ರೆ, ಬರ್ರಿ” ಎಂದು ಗಿಡ್ಡಮ್ಮ ಚಾಪೆ ಹಾಸಿದಳು. ಅರ್ಪಿತಾ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು. “ಗ್ಯಾಸ್ಟ್ರಿಕ್ ಹೆಂಗೈತಿ?”

“ಪರವಾಗಿಲ್ಲಮ್ಮ. ಈಗ ಟೀ-ಗೀ ಎಲ್ಲ ಕುಡೀಬೋದು” ಎಂದ ಗುರುಸ್ವಾಮಿ, ಆದಷ್ಟು ಸಹಜವಾಗಿ.

“ಅಯ್ಯೋ, ಎಲ್ಲಾರಾ ಉಂಟೇನು? ಹೊಟ್ಟೆ ಕೆಟ್ಟೋರಿಗೆ ಟೀ ವಿಷ ಇದ್ದಂಗೆ” ಎಂದು ಅವಳು ಒಳಗೆ ಹೋದಳು. ಬಂದಾಗ ಕೈಯಲ್ಲಿ ಒಂದು ದೊಡ್ಡ ಚೊಂಬು. ತುಂಬ ಜೀರಿಗೆ, ಓಮಕಾಳು ಕುದಿಸಿದ ಕಷಾಯ. ಬಣ್ಣ ನೋಡಿದರೇ ಬಾಯಿ ಒಗರಾಗುವಂಥದ್ದು.

ಗುರುಸ್ವಾಮಿ ಕಣ್ಣು ಮುಚ್ಚಿ ಅರ್ಧ ಕುಡಿದ. ಗಂಟಲು ಒಪ್ಪಿತೋ ಇಲ್ಲವೋ ನೋಡಲು ಪುರಸೊತ್ತಾಗಲಿಲ್ಲ; ಅಷ್ಟು ಕಹಿಯಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಮಾರಪ್ಪ ಬಾಗಿಲಲ್ಲಿ ಇಣುಕಿ, “ಮೇಷ್ಟ್ರು ಬಂದಾರಾ? ಬೇವಿನ ಚಿಗುರು ಅರೆದು ಹಾಕಬೇಕಿತ್ತಕ್ಕ, ಹಳೇ ಗ್ಯಾಸ್ಟ್ರಿಕ್ಕಿಗೆ ಅದೇ ಮದ್ದು” ಎಂದ.

ಗುರುಸ್ವಾಮಿ ಚೊಂಬು ಕೆಳಗಿಟ್ಟ. “ಅಮ್ಮ, ನನಗೆ ಗ್ಯಾಸ್ಟ್ರಿಕ್ ಇಲ್ಲ.”

“ಗೊತ್ತು ಬಿಡ್ರಿ. ಮಿರ್ಚಿ ಅಂಗಡಿಯಾಗೆ ನಮ್ಮ ಮಾರಪ್ಪ ನಿಮ್ಮ ಪಕ್ಕದಾಗೇ ಕುಂತಿದ್ದ.”

“ಮೂರು ಮಿರ್ಚಿ” ಎಂದ ಮಾರಪ್ಪ. “ನಾಕನೇದು ಕೇಳಿದ್ರು. ಮುಗಿದಿತ್ತು.”

“ಮತ್ತೆ ಈ ಕಷಾಯ?”

“ನೀವು ಹೇಳಿದ ಕಾಯಿಲೆಗೆ ನಾನು ಮದ್ದು ಕೊಟ್ಟೆ. ಮೇಷ್ಟ್ರು ಹೇಳಿದ್ದು ಸುಳ್ಳು ಅನ್ನಾಕೆ ಆಗ್ತೈತಾ?” ಗಿಡ್ಡಮ್ಮ ಎದುರಿಗೆ ಕೂತಳು. ಮುಖದಲ್ಲಿ ನಗು ಇತ್ತು, ದನಿಯಲ್ಲಿ ಇರಲಿಲ್ಲ. “ಅವತ್ತು ಹದಿನಾಕು ಲೋಟ ಚೆಲ್ಲೀನಿ ನಾನು. ಮಗೀಗೆ ಕಾಣಬಾರದು ಅಂತ ಹಿತ್ತಲಾಗೆ. ಆಕಿ ಅಲ್ಲೇ ನಿಂತು ಬರ್ಕೊತಿದ್ಲು. ಈಗ ಹೇಳ್ರಿ, ಟೀಗೆ ಬಂದೀರೋ, ಸಹಿಗೆ ಬಂದೀರೋ?”

ಗುರುಸ್ವಾಮಿ ಉತ್ತರಕ್ಕಾಗಿ ತನ್ನೊಳಗೆ ಪ್ರಾಮಾಣಿಕವಾಗಿ ಹುಡುಕಿದ. ಎಷ್ಟು ತಡಕಾಡಿದರೂ ಸಿಕ್ಕಿದ್ದು ಒಂದೇ.

“ಸಹಿಗೆ” ಎಂದ.

“ಹಂಗಾದ್ರೆ ಕಷಾಯ ಮುಗಿಸಿ ಹೊರಡ್ರಿ, ಹನ್ನೊಂದರ ಬಸ್ಸು ಸಿಗ್ತೈತೆ. ಟೀ ಬೇಕಾದಾಗ ಬರ್ರಿ, ಮಾಡಿಕೊಡ್ತೀನಿ.”

ಅವನು ಚೊಂಬನ್ನು ತಳ ಕಾಣುವವರೆಗೆ ಕುಡಿದು ಎದ್ದ.

ಸೋಮವಾರ ಸ್ಟಾಫ್ ರೂಮಿನಲ್ಲಿ ಅರ್ಪಿತಾಳ ಮುಂದೆಯೇ ಪೆನ್ನು ತೆಗೆದ. ‘ಗ್ಯಾಸ್ಟ್ರಿಕ್’ ಎಂಬುದನ್ನು ಹೊಡೆದು ‘ಸುಳ್ಳು’ ಎಂದು ಬರೆಯಲು ಹೊರಟ. ಅವಳು ಕೈ ಅಡ್ಡ ತಂದಳು.

“ಬ್ಯಾಡ ಸರ್. ಅವತ್ತು ನೀವು ಹೇಳಿದ್ದು ಅದೇ. ಹಂಗೇ ಇರ್ಲಿ.”

“ಹಂಗಾದ್ರೆ ಟಿಪ್ಪಣಿಗೆ ಸೇರಿಸ್ತೀನಿ” ಎಂದು, ಮಿರ್ಚಿಯ ಕೆಳಗೆ ತನ್ನ ಕೈಯಾರೆ ಬರೆದ: ‘ಮರು ಭೇಟಿಯಲ್ಲಿ ಒಂದು ಚೊಂಬು ಕಷಾಯ ಕುಡಿದಿರುತ್ತಾರೆ. ಟೀ ಕೊಡಲಿಲ್ಲ.’

ಅವಳು ಬಗ್ಗಿ ಓದಿದಳು. “ಕೊಡದೇ ಇದ್ದಿದ್ದಕ್ಕೆ ಕಾರಣ ಸರ್?”

“ಕೇಳಲಿಲ್ಲ” ಎಂದ ಗುರುಸ್ವಾಮಿ. “ಟೀಗೆ ಅಂತ ನಾನು ಹೋಗಿರಲಿಲ್ಲ.”

ಅವಳು ಅದನ್ನೂ ಬರೆದುಕೊಂಡಳು.

ಬಾಗಿಲಲ್ಲಿ ಸತೀಶ್ ಕುಮಾರ್ ಕಾಣಿಸಿದರು. ಕೈಯಲ್ಲಿ ಮುಖಪುಟದ ಫೋಟೊ: ಹತ್ತೊಂಬತ್ತು ಲೋಟಗಳು ಗಾಳಿಯಲ್ಲಿ, ಹತ್ತೊಂಬತ್ತು ಬಾಯಿಗಳಲ್ಲಿ ನಗು. “ಬೊಂಬಾಟಾಗೈತ್ರಿ ಗುರುಸ್ವಾಮಿ! ಇದ್ರ ಜೊತೆಗೆ ಒಂದು ವರದಿ ಪೂರ್ತಿ ಅಚ್ಚು ಹಾಕಿಸೋಣ. ನಿಮ್ಮ ಪ್ರಕಾರ ಯಾವುದು ಚಲೋ ಐತೆ?”

ಗುರುಸ್ವಾಮಿ ಮೇಜಿನ ಮೇಲಿನ ಹತ್ತೊಂಬತ್ತು ವರದಿಗಳನ್ನು ನೋಡಿದ. ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು; ಈ ಸಲ ನಿಜವಾಗಿಯೂ. ಸಹಿ ಹಾಕಿದ. ಒಂದೇ ಪುಟದಲ್ಲಿ ಅವನ ಹೆಸರು ಎರಡು ಸಲ ಬಂದಿತ್ತು, ಕೋಷ್ಟಕದೊಳಗೆ ಒಂದು, ಮಾರ್ಗದರ್ಶಕರ ಜಾಗದಲ್ಲಿ ಇನ್ನೊಂದು. ಎರಡೂ ಕಡೆ ಕಾಗುಣಿತ ಸರಿಯಿದೆಯೇ ಎಂದು ಎರಡೆರಡು ಸಲ ನೋಡಿ, ವರದಿಯನ್ನು ಎತ್ತಿ ಪ್ರಾಂಶುಪಾಲರ ಕೈಗೆ ಕೊಟ್ಟ.

“ಇದು ಸರ್” ಎಂದ. “ಒಟ್ಟು ತಾಳೆಯಾಗೋದು ಇದೊಂದೇ.”