ನಾಲ್ಕನೇ ಅಂಚು

ಎಂಬತ್ತೆರಡನೇ ಇಸವಿಯ ಶ್ರಾವಣದಲ್ಲಿ ಲಕ್ವಾ ಹೊಡೆದು ಗುರುಬಾಯಿಯ ಬಲಗೈ ಹೋಯಿತು, ಮಾತು ಹೋಯಿತು. ಬುದ್ಧಿಯೂ ಹೋಯಿತೆಂದು ಮಾದನಹಿಪ್ಪರಗಾದ ಮಂದಿಯೇ ತೀರ್ಮಾನ ಮಾಡಿಬಿಟ್ಟರು. ಆಡುವವರ ಬಾಯಿಗೆ ಬೀಗ ಹಾಕುವವರಾರು? ಮಗ ದೌಲತರಾಯನೂ ಅದನ್ನೇ ನಂಬಿದ. ತಾಯಿಯ ಎದುರಿಗೇ ಹೆಂಡತಿ ಶಿವಕಾಂತಾಳಿಗೆ ಹೇಳಿದ: "ದೀಪಾವಳಿ ಆದಮ್ಯಾಗ ಅವ್ವನ್ನ ಗೊಬ್ಬೂರಕ್ಕ ಅಕ್ಕನ ಮನಿಗಿ ಬಿಟ್ಟು ಬರ್ತೇನಿ. ಯಾವ ಮನಿ ಅಂತ ಅಕಿಗೇನು ತಿಳೀತದ?"

ಶಿವಕಾಂತಾಳಿಗೆ ಅದು ಒಪ್ಪಿಗೆಯಾಗಲಿಲ್ಲ. ಹೆತ್ತ ತಾಯಿಗಿಂತ ಹೆಚ್ಚಾಗಿ ತನ್ನನ್ನು ನೋಡಿಕೊಂಡ ಅತ್ತೆ. ಆದರೆ ಬುದ್ಧಿ ನೆಟ್ಟಗಿದೆ ಎಂದು ತೋರಿಸುವುದು ಹೇಗೆ?

ಅತ್ತೆ ಅರ್ಧಕ್ಕೆ ಬಿಟ್ಟ ಕೌದಿಯೊಂದಿತ್ತು. ಮೂರು ಅಂಚಿಗೆ ಕೆಂಪು, ಹಸಿರು ಬಟ್ಟೆಯ ತುಂಡುಗಳನ್ನು ಸಾಲಾಗಿ ಹೊಲಿದಿದ್ದಳು, ನಾಲ್ಕನೆಯದು ಬಾಕಿ. ಶಿವಕಾಂತಾ ಒಂದು ಕೆಂಪು, ಒಂದು ಹಸಿರು ಎಂದು ಹಚ್ಚತೊಡಗಿದರೆ ಮುದುಕಿ ಎಡಗೈಯಿಂದ ಫಟ್ಟನೆ ಹೊಡೆದಳು.

"ನೋಡು, ಹುಚ್ಚೇ ಹಿಡದದ," ಎಂದ ದೌಲತರಾಯ.

ಹುಚ್ಚೋ ಲೆಕ್ಕವೋ? ಏಳನೇ ತರಗತಿ ಓದಿದ್ದ ಶಿವಕಾಂತಾ ಮೊದಲ ಮೂಲೆಯಿಂದ ಎಣಿಸಿದಳು. ಒಂದು ಕೆಂಪು, ಎರಡು ಹಸಿರು, ಎರಡು ಕೆಂಪು, ಒಂದು ಹಸಿರು, ಒಂದು ಕೆಂಪು, ಎರಡು ಹಸಿರು. ಮೂರು ದಿನ ಏನೂ ಹೊಳೆಯಲಿಲ್ಲ. ನಾಲ್ಕನೇ ದಿನ ರೊಟ್ಟಿ ಬಡಿಯುವಾಗ ಹೊಳೆಯಿತು, ಹಿಟ್ಟಿನ ಕೈಯಲ್ಲೇ ಓಡಿದಳು. ಕೆಂಪು ಅಂದರೆ ಒಂದು, ಹಸಿರು ಅಂದರೆ ಎರಡು! ತುಂಡುಗಳನ್ನು ಬಿಡಿಬಿಡಿಯಾಗಿ ಹಾಗೆ ಓದಿದರೂ, ಒಂದೇ ಬಣ್ಣದವನ್ನು ಒಟ್ಟಿಗೆ ಎಣಿಸಿದಾಗ ಬಂದ ಲೆಕ್ಕವೇ ಬರುತ್ತಿತ್ತು: ಒಂದು, ಎರಡು, ಎರಡು, ಒಂದು, ಒಂದು, ಎರಡು. ಮುಂದೆ ಎಷ್ಟು ಹಚ್ಚಬೇಕೆಂಬುದನ್ನು ಹಿಂದೆ ಹೊಲಿದ ತುಂಡುಗಳೇ ಹೇಳುತ್ತಿದ್ದವು.

"ಹೌದಿಲ್ರಿ ಅತ್ತಿ?" ಎಂದಳು. ಗುರುಬಾಯಿಯ ಕಣ್ಣು ತುಂಬಿ ಬಂತು.

ಗಂಡನಿಗೆ ಹೇಳಿದರೆ ಅವನು ನಕ್ಕ. "ಅದು ನಿನಗ ತಿಳದದ. ಅಕಿಗಿ ಈಗೂ ತಿಳೀತದ ಅಂತ ಯಾರಂದ್ರು?"

ದೀಪಾವಳಿಯ ಮರುದಿನ ದೌಲತರಾಯ ತಾಯಿಯ ಸೀರೆಗಳನ್ನು ಗಂಟು ಕಟ್ಟುತ್ತಿದ್ದ. ಅತ್ತೆ ಹೊರಡುವುದರೊಳಗೆ ಅಂಚು ಮುಗಿಸಬೇಕೆಂದು ಅವಸರ ಮಾಡುತ್ತಿದ್ದ ಶಿವಕಾಂತಾಳ ಕೈಮೇಲೆ ಮತ್ತೆ ಫಟ್ಟನೆ ಏಟು ಬಿತ್ತು.

"ಸರಿ ಅದರಿ ಅತ್ತಿ!" ಎಂದು ಸಿಡುಕಿದಳು.

ಮುದುಕಿ ಕೇಳಬೇಕಲ್ಲ! ಎಡಗೈ ಬೆರಳು ಹಿಂದಕ್ಕೆ ಸರಿಯುತ್ತ ಹೋಗಿ, ಹದಿಮೂರು ತುಂಡುಗಳಾಚೆ ಒಂದು ಹಸಿರಿನ ಮೇಲೆ ನಿಂತಿತು. ಶಿವಕಾಂತಾ ಅಂಚನ್ನು ಮತ್ತೆ ಓದಿದಳು. ಗಂಡನನ್ನು ಕರೆದು, ಬೆರಳಿಟ್ಟು ಅವನಿಂದಲೂ ಓದಿಸಿದಳು. ಅಲ್ಲಿ ಎರಡು ಹಸಿರು ಬೇಕಿತ್ತು, ಅವಳು ಒಂದೇ ಹಚ್ಚಿದ್ದಳು. ತನಗೇ ಕಾಣದ ತಪ್ಪು ಅತ್ತೆಗೆ ಕಂಡಿತ್ತು.

ದೌಲತರಾಯನ ಮುಖ ಸಪ್ಪಗಾಯಿತು. ಇಷ್ಟು ದಿನ ಎದುರಿಗೆ ಕೂತು ಆಡಿದ್ದನ್ನೆಲ್ಲ ಅವ್ವ ಕೇಳಿಸಿಕೊಂಡಿದ್ದಳು.

"ಅವ್ವಾ, ಗೊಬ್ಬೂರಕ್ಕ ಹೋಗ್ತಿ ಏನು?" ಎಂದು ಮೊದಲ ಸಲ ಅವಳನ್ನೇ ಕೇಳಿದ.

ಗುರುಬಾಯಿ ಒಲ್ಲೆನೆಂದು ತಲೆ ಅಲ್ಲಾಡಿಸಿದಳು.

"ಒಂದು ತಪ್ಪಿದ್ರ ಅಲ್ಲಿಂದ ಮುಂದಿಂದೆಲ್ಲಾ ಬಿಚ್ಚಬೇಕ್ರಿ," ಎಂದಳು ಶಿವಕಾಂತಾ.

ದೌಲತರಾಯ ಸೀರೆಯ ಗಂಟನ್ನು ಬದಿಗಿಟ್ಟು ತಾಯಿಯ ಕಾಲ ಬಳಿ ಕೂತ. ಹೆಂಡತಿಯ ಕೈಯಿಂದ ಸೂಜಿ ಇಸಿದುಕೊಂಡು ಮೊದಲ ಹೊಲಿಗೆ ತಾನೇ ಬಿಚ್ಚಿದ.