ಬದುಕಿದವರಿಗೆ ಬಂದ ಸಂತಾಪ

ನಾರಾಯಣಪೇಟೆಯ ನೇಕಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶಿರೀಷಾ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದಳು. ಫೋನು ಗುಂಯ್‌ಗುಟ್ಟಿತು. ‘ನಿಮ್ಮ ಮನೆಯ ನೇಕಾರ ಮಾರ್ಕಂಡೇಯ ಅವರ ನಿಧನಕ್ಕೆ ಸಂಘದ ಸಂತಾಪ.’

ಮಾರ್ಕಂಡೇಯ ಅವಳ ಅಪ್ಪ. ಮನೆಗೆ ಫೋನು ಹಚ್ಚಿದಳು.

“ಅಪ್ಪಾ! ಎಲ್ಲಿದ್ದಿ?”

“ಎಲ್ಲಿರಲವ್ವಾ? ಮಗ್ಗದಾಗ ಕುಂತೀನಿ. ದನಿ ಯಾಕ ನಡಗಾಕತ್ತೈತಿ?”

ಉತ್ತರ ಕೊಡುವಷ್ಟರಲ್ಲಿ ಒಳಕೋಣೆಯಿಂದ ಕಾರ್ಯದರ್ಶಿ ಸಾಯಿನಾಥ ಓಡಿ ಬಂದರು. “ಶಿರೀಷಾ, ನಾನೇ ಸತ್ತೀನಂತ ನನಗ ಮೆಸೇಜ್ ಬಂದೈತಿ!”

ಸಂಘದ ಸದಸ್ಯರ ಮನೆಗಳಿಗೆಲ್ಲ, ಅವರವರ ಹೆಸರು ಹಾಕಿದ ಅದೇ ಸಂದೇಶ ಹೋಗಿತ್ತು.

ಹಿಂದಿನ ದಿನವಷ್ಟೇ ಅವಳು ಸಂಘದ ಮಾಹಿತಿಯನ್ನು ಹಳೆಯ ಡೇಟಾಬೇಸಿನಿಂದ ಹೊಸದಕ್ಕೆ ಸಾಗಿಸಿದ್ದಳು. ಹಳೆಯದರಲ್ಲಿ ಎರಡು ಗೀರಿನ ಡಬಲ್ ಕೋಟಿನೊಳಗೆ ಏನು ಬರೆದರೂ ಅದು ಬರೀ ಪದ. ಹೊಸದರಲ್ಲಿ ಪದಕ್ಕೆ ಸಿಂಗಲ್ ಕೋಟೇ ಬೇಕು. ಡಬಲ್ ಕೋಟ್ ಹಾಕಿದರೆ ಅದನ್ನು ಕಾಲಂನ ಹೆಸರೆಂದು ತಿಳಿಯುತ್ತದೆ. ತಪ್ಪು ತೋರಿಸಿದ ಸಾಲುಗಳನ್ನೆಲ್ಲ ಅವಳು ತಿದ್ದಿದ್ದಳು. ಒಂದು ಸಾಲು ಮಾತ್ರ ತಕರಾರಿಲ್ಲದೆ ಓಡಿತ್ತು. ‘ಎಕ್ಸ್‌ಪೈರ್ಡ್’ ಎಂಬ ಕಾಲಂನಲ್ಲಿ ‘ಎಕ್ಸ್‌ಪೈರ್ಡ್’ (ಅಂದರೆ ತೀರಿಕೊಂಡಿದ್ದಾರೆ) ಎಂದು ಬರೆದಿದ್ದವರ ಮನೆಗೆ ಸಂತಾಪ ಕಳಿಸುವ ಸಾಲು ಅದು. ಆ ಪದವೂ ಡಬಲ್ ಕೋಟಿನಲ್ಲೇ ಇತ್ತು, ಆ ಹೆಸರಿನ ಕಾಲಂ ನಿಜವಾಗಿಯೂ ಇತ್ತಲ್ಲ! ಹೊಸ ಡೇಟಾಬೇಸು ಕಾಲಂ ಅನ್ನು ಅದೇ ಕಾಲಂ ಜೊತೆ ಹೋಲಿಸಿ, ಎಲ್ಲರದ್ದೂ ಸರಿಹೊಂದುತ್ತದೆಂದು ಒಪ್ಪಿಕೊಂಡಿತ್ತು. ಎರಡು ಪುಟ್ಟ ಗೀರುಗಳಿಂದ ಇಷ್ಟು ಜನ ಸತ್ತಿದ್ದರು!

ಆ ಸಾಲಿನ ಕೋಟ್ ತಿದ್ದಿ, ಕ್ಷಮೆಯ ಸಂದೇಶ ಕಳಿಸಿ, ಇಬ್ಬರೂ ಮನೆಮನೆಗೂ ಫೋನು ಮಾಡಿದರು. ಬೈದವರೇ ಹೆಚ್ಚು. ಮಕ್ತಲ್‌ನ ಕಿಷ್ಟಮ್ಮ ಮಾತ್ರ ಫೋನ್ ಎತ್ತಲಿಲ್ಲ. ಅವಳ ಗಂಡ, ಸಂಘದ ನೇಕಾರ ಬಾಲರಾಜು, ನೇಯ್ದ ಸೀರೆ ಕೊಡಲು ಗದ್ವಾಲಕ್ಕೆ ಹೋಗಿದ್ದ. ಅವನ ಫೋನು ಬಂದ್ ಆಗಿತ್ತು.

ಸಾಯಿನಾಥರ ಬೈಕಿನ ಹಿಂದೆ ಕೂತು ಶಿರೀಷಾ ಮಕ್ತಲ್‌ಗೆ ಹೋದಳು. ಮನೆಯ ಮುಂದೆ ಓಣಿಯೇ ನೆರೆದಿತ್ತು. ನಡುವೆ ಕಿಷ್ಟಮ್ಮ ಗೋಡೆಗೊರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಸುತ್ತ ಹಸಿರು ಬಳೆಯ ಚೂರುಗಳು. ಮಣಿಕಟ್ಟಿನಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು.

“ಅತ್ತೀ, ಸುಳ್ಳು ಮೆಸೇಜ್ ಅದು. ಮಾವ ಸತ್ತಿಲ್ರೀ. ತಪ್ಪು ನಂದು.”

ಕಿಷ್ಟಮ್ಮ ಅವಳನ್ನೇ ನೋಡಿದಳು. “ಹಂಗಾದ್ರ ಎಲ್ಲದಾನ?”

ಅವನು ಬದುಕಿದ್ದಾನೆಂದು ಹೇಳಿದ ಶಿರೀಷಾಳಿಗೂ ಅದು ಖಾತ್ರಿಯಿರಲಿಲ್ಲ! ಅವಳು ಕಿಷ್ಟಮ್ಮನ ಕೈಯನ್ನು ಸೆರಗಿನಿಂದ ಒತ್ತಿ ಹಿಡಿದು ಪಕ್ಕದಲ್ಲೇ ಕೂತಳು.

ಗದ್ವಾಲದಿಂದ ಜೂರಾಲ ಅಣೆಕಟ್ಟು ದಾಟಿ ಬರುವ ಬಸ್ಸು ಇಳಿದು, ಸಂಜೆಗೆ ಬಾಲರಾಜು ಖಾಲಿ ಚೀಲ ಮಡಚಿಕೊಂಡು ಓಣಿಗೆ ಬಂದ. ಜನ ದಾರಿ ಬಿಟ್ಟರು.

“ಯಾರು ಹೋದ್ರು?” ಎಂದು ಕೇಳಿದ.

ಕಿಷ್ಟಮ್ಮ ಎದ್ದು ಹೋಗಿ ಅವನ ಎದೆಗೆ ಎರಡೂ ಕೈಯಿಂದ ಗುದ್ದಿದಳು. “ಫೋನ್ ಯಾಕ ಬಂದ್ ಮಾಡಿದಿ? ಹೇಳು, ಯಾಕ ಬಂದ್ ಮಾಡಿದಿ?” ಆಮೇಲೆ ಅಳು ಬಂತು.

ಅತ್ತು ಮುಗಿದ ಮೇಲೆ ಬರಿಗೈಗಳನ್ನು ಶಿರೀಷಾಳ ಮುಂದೆ ಚಾಚಿದಳು.

“ನಡಿ. ಬಳೆ ಇಡಿಸಾಕ ನೀನ ಬರಬೇಕು.”

ಅಂಗಡಿಯಲ್ಲಿ ಬಳೆಗಾರ ಒಂದೊಂದೇ ಬಳೆ ಏರಿಸುತ್ತಿದ್ದ. ಕಿಷ್ಟಮ್ಮನ ಕೈ ನೆಟ್ಟಗಿತ್ತು. ಪಕ್ಕದಲ್ಲಿ ನಿಂತ ಶಿರೀಷಾ ಕೊನೆಯ ಬಳೆ ಏರುವವರೆಗೂ ಎಣಿಸುತ್ತಲೇ ಇದ್ದಳು.