ಅರ್ಧ ಖೋ

ಮೂರು ವರ್ಷ ರಾಣೆಬೆನ್ನೂರಿನ ಕಾಲೇಜು ಖೋ-ಖೋ ತಂಡದಲ್ಲಿ ಶೈಲಾ ಏನು ಆಡಿದಳು ಎಂದು ಕೇಳಿದರೆ, ನೀರಿನ ಕೊಡದ ಜೊತೆ ಆಡಿದಳು, ಅಷ್ಟೇ. ತಂಡದಲ್ಲಿ ಹನ್ನೆರಡು ಜನ, ಅಂಕಣಕ್ಕೆ ಇಳಿಯುವವರು ಒಂಬತ್ತು, ಇವಳು ಹನ್ನೆರಡನೆಯವಳು. ಆದರೆ ಊರಿಗೆ ಹೋದಾಗ ಅವ್ವ ಗದಿಗೆವ್ವ "ಆಡಿದೇನ?" ಎಂದರೆ ಸಾಕು, ಬಾಯಿ ತಾನೇ "ಹೂಂ, ನಾಕ ಮಂದೀನ ಔಟ್ ಮಾಡಿದೆ" ಎಂದುಬಿಡುತ್ತಿತ್ತು. ಗದಿಗೆವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರ ಮುಂದೆ ನಾಲ್ಕನ್ನು ಆರು ಮಾಡಿ ಹೇಳುತ್ತಿದ್ದಳು.

2004ರ ಫೆಬ್ರುವರಿ, ಡಿಗ್ರಿಯ ಕೊನೆಯ ವರ್ಷ. ವಿಶ್ವವಿದ್ಯಾಲಯದ ವಲಯ ಪಂದ್ಯದ ಫೈನಲ್ ಬಂದು ಬಂದು ಬ್ಯಾಡಗಿಯಲ್ಲೇ ಬೀಳಬೇಕೇ! ಶೈಲಾಳ ಊರಿನಲ್ಲೇ, ಅವ್ವನ ಕಣ್ಣೆದುರಿಗೇ. ಇವತ್ತು ಕೊಡ ಹಿಡಿದು ನಿಂತರೆ ಮೂರು ವರ್ಷದ ಸುಳ್ಳು ಬಯಲಾಗುತ್ತಿತ್ತು.

ಮೆಣಸಿನಕಾಯಿ ಸುಗ್ಗಿ ಬೇರೆ. ಗಾಳಿ ಬೀಸಿದರೆ ಮೈದಾನದ ತುಂಬ ಘಾಟು. ಪರವೂರಿನವರ ಗಂಟಲಿನ ಪಾಡು ಕೇಳಬೇಡಿ! ರಾಣೆಬೆನ್ನೂರಿನವರೂ ಕೆಮ್ಮಿದರು, ಎದುರಾಳಿ ಹಾವೇರಿಯವರೂ ಕೆಮ್ಮಿದರು, ಅಂಪೈರ್ ಹೇಮಪ್ಪನವರಂತೂ ಸೀಟಿ ಊದುವ ಬದಲು ಸೀಟಿಯೊಳಗೇ ಕೆಮ್ಮಿದರು. ಮಧ್ಯಂತರದ ಹೊತ್ತಿಗೆ ಶೈಲಾಳ ತಂಡದ ಮೂವರು ಕಣ್ಣು ಮೂಗು ಒರೆಸುತ್ತ ಹೊರಗೆ ಕುಳಿತರು.

"ನಿನಗ ಕೆಮ್ಮು ಬರಂಗಿಲ್ಲೇನವಾ?" ಎಂದರು ತರಬೇತಿ ಕೊಡುವ ವಿಜಯಮಹಾಂತೇಶ ಸರ್.

"ನಾ ಬ್ಯಾಡಗಿಯಾಕಿ ಅದೀನ್ರಿ ಸರ."

"ಮತ್ತ ಕೊಡ ಹಿಡ್ಕೊಂಡ ಯಾಕ ನಿಂತೀದಿ? ಲಗೂನ ಇಳಿ ಒಳಗ!"

ಇಳಿದಳು ನೋಡಿ! ಕಾಲು ನೆಲದ ಮೇಲಿದ್ದರೆ ಕೇಳಿ. ಕೊನೆಯ ಸರದಿ, ಅಂಕ ಸಮಸಮ, ಉಳಿದದ್ದು ಅರ್ಧ ನಿಮಿಷ. ಅಟ್ಟಿಸಿಕೊಂಡು ಹೋಗುವ ಪಾಳಿ ಶೈಲಾಳದು. ಓಡುತ್ತಿದ್ದವಳು ಹಾವೇರಿಯ ಸಾಜಿಯಾ, ಕೈಗೆ ಸಿಗದ ಮೀನು. ಕುಳಿತವರ ಸಾಲಿನ ಆಚೆ ಅವಳು, ಈಚೆ ಇವಳು. ಕುಳಿತವಳ ಬೆನ್ನು ಮುಟ್ಟಿ "ಖೋ" ಎಂದರೆ ಆಕೆ ಎದ್ದು ಹಿಡಿಯಬೇಕು. ಮುಟ್ಟದೆ ಎಂದರೆ ಫೌಲ್. ಆದರೆ ಮೂರು ವರ್ಷ ಹೊಟ್ಟೆಯೊಳಗೆ ಕಾದಿದ್ದ ಖೋ ಇನ್ನು ಒಂದು ಗೇಣು ಕಾಯಬೇಕಲ್ಲ! ಬೆನ್ನಿಗೆ ಕೈ ತಾಗುವ ಮೊದಲೇ "ಖೋ..." ಎಂದು ಹೊರಬಿತ್ತು. ಫೌಲ್ ಆಯಿತೆಂದು ಹೊಳೆದದ್ದೇ ತಡ, ಶೈಲಾ ಅದರ ಬಾಲಕ್ಕೆ ಕೆಮ್ಮು ಅಂಟಿಸಿದಳು: "...ಹೋಹೊಹೊ!"

ಸಾಜಿಯಾ ಖೋ ಬಿತ್ತು, ಕುಳಿತವಳು ತನ್ನ ಕಡೆಗೇ ಏಳುತ್ತಾಳೆಂದು ಸಾಲಿನ ನಡುವೆ ನುಸುಳಿ ಈಚೆ ಬಂದಳು, ನೇರ ಶೈಲಾಳ ಕೈಗೆ.

"ಫೌಲ್! ಮುಟ್ಟಲಾರದ ಖೋ ಅಂದ್ಲ್ರಿ!" ಎಂದು ಹಾವೇರಿಯವರು ಮುತ್ತಿಕೊಂಡರು.

"ಖೋನೋ ಕೆಮ್ಮೋ?" ಎಂದರು ಹೇಮಪ್ಪ.

"ಕೆಮ್ಮ್ರಿ ಸರ," ಎಂದಳು ಶೈಲಾ, ಮುಖ ಕೆಂಪಗೆ.

ಅಷ್ಟರಲ್ಲಿ ಗದಿಗೆವ್ವ ಜನರನ್ನು ನೂಕಿಕೊಂಡು ಬಂದಳು. "ಕೆಮ್ಮು? ನನ್ನ ಮಗಳು? ಮೆಣಸಿನಕಾಯಿ ರಾಶಿ ಮ್ಯಾಲ ಆಡಿ ಬೆಳದಾಕಿ, ಹುಟ್ಟಿದಾಗಿಂದ ಒಮ್ಮೆನೂ ಕೆಮ್ಮಿಲ್ರೀ!"

ಶೈಲಾಳಿಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಮಗಳ ಮುಖ ನೋಡಿದ ಗದಿಗೆವ್ವನಿಗೆ ತಾನು ಮಾಡಿದ ಘನಕಾರ್ಯ ಹೊಳೆಯಿತು. ಬೆಳಗಿನಿಂದ ತೊಟ್ಟು ಮುರಿದು ಮೆಣಸಿನಕಾಯಿ ಘಾಟು ತುಂಬಿಕೊಂಡ ಸೆರಗು ಅದು. "ಏನ ಧೂಳೋ ಯಪ್ಪಾ," ಎನ್ನುತ್ತ ಅಂಪೈರರ ಮೂಗಿನ ಮುಂದೆಯೇ ಪಟಪಟ ಝಾಡಿಸಿದಳು.

ಹೇಮಪ್ಪ ಖೋ ಖೋ ಎಂದರು. ಹಾವೇರಿಯವರು ಖೋ ಖೋ ಎಂದರು. ಸಾಲಿನಲ್ಲಿ ಕುಳಿತಿದ್ದ ಎಂಟೂ ಜನ ಖೋ ಬಂತೆಂದು ದಡಕ್ಕನೆ ಎದ್ದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು! ಇಡೀ ಮೈದಾನ ನಗೆಯಲ್ಲಿ ಉರುಳಾಡಿತು.

"ಸಾಕ್ರೀ ತಾಯಿ!" ಹೇಮಪ್ಪ ಕಣ್ಣೀರು ಒರೆಸಿಕೊಂಡರು. "ಈ ಊರಾಗ ಖೋ ಯಾವುದು, ಕೆಮ್ಮು ಯಾವುದು, ಆ ದೇವರಿಗೇ ಗೊತ್ತು. ಔಟ್!"

ಗೆಳತಿಯರು ಹೊತ್ತು ಕುಣಿಸಿ ಇಳಿಸಿದ ಮೇಲೆ ಅವ್ವ ಕಿವಿಯಲ್ಲಿ ಕೇಳಿದಳು: "ಖರೇ ಹೇಳ."

"ಅರ್ಧ ಖೋ, ಅರ್ಧ ಕೆಮ್ಮು." ಶೈಲಾಳಿಗೆ ನಗು, ಅಳು ಎರಡೂ ಬಂದವು. "ಯವ್ವಾ, ಇಷ್ಟ ವರ್ಷ ನಾ ಒಮ್ಮೆನೂ ಆಡಿಲ್ಲ."

"ಗೊತ್ತೈತಿ."

"ಹೆಂಗ?"

"ಮೂರು ವರ್ಷ ನಿನ್ನ ಬೂಟ ತೊಳದಾಕಿ ನಾನ. ಒಂದ ದಿನಾರ ಮಣ್ಣ ಇತ್ತೇನ?" ಗದಿಗೆವ್ವ ಬಗ್ಗಿ ಮಗಳ ಬೂಟು ನೋಡಿದಳು, ಕೆಂಪು ಧೂಳಿನಲ್ಲಿ ಮುಳುಗಿತ್ತು. "ಬಿಚ್ಚಬ್ಯಾಡ. ಹಿಂಗ ಓಣ್ಯಾಗ ನಡಿ, ನೋಡ್ಲಿ ಎಲ್ಲಾರೂ."